ಕೋಚ್‌ಗೆ ಹತ್ತು ವರ್ಷ ಕೊಡಿ

ಅಮೆರಿಕದ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆ 1974ರಲ್ಲಿ ಪ್ಯಾಟ್ ಹೆಡ್ ಎಂಬ ಯುವತಿಯ ಹೆಗಲೇರಿದಾಗ ಆಕೆಗೆ 22 ವರ್ಷ. ತಂಡದ ಕೆಲವರು ಆಕೆಗಿಂತ ಬರೀ ಒಂದು ವರ್ಷ ಚಿಕ್ಕವರು. ಸಂಬಳ ತಿಂಗಳಿಗೆ 250 ಡಾಲರ್. ಅದಕ್ಕಾಗಿ ಆಕೆ ದೈಹಿಕ ಶಿಕ್ಷಣದ ಪಾಠ ಮಾಡಬೇಕು, ತನ್ನ ಸ್ನಾತಕೋತ್ತರ ಓದನ್ನೂ ಮುಗಿಸಬೇಕು, ಬೇರೆ ಊರಿನಲ್ಲಿ ಪಂದ್ಯವಿದ್ದರೆ ತಾನೇ ವ್ಯಾನ್ ಓಡಿಸಬೇಕು, ಆಟ ಮುಗಿದ ಮೇಲೆ ಹುಡುಗಿಯರ ಬೆವರಿನ ಬಟ್ಟೆ ಒಗೆಯಬೇಕು. ಆ ಬಟ್ಟೆಗಳಾದರೂ ಡೋನಟ್ ಮಾರಿ ಕೂಡಿಸಿದ ಹಣದಲ್ಲಿ ಕೊಂಡವು. ಮೊದಲ ಪಂದ್ಯದಲ್ಲಿ ಮರ್ಸರ್ ಕಾಲೇಜಿನ ಎದುರು 84–83ರಿಂದ ಸೋಲು.

ಮದುವೆಯ ನಂತರ ಪ್ಯಾಟ್ ಸಮಿಟ್ ಆದ ಈಕೆ 2012ರಲ್ಲಿ ನಿವೃತ್ತಿ ಹೊಂದುವಾಗ ಖಾತೆಯಲ್ಲಿದ್ದದ್ದು 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಎಲ್ಲವೂ ಒಂದೇ ಕಾಲೇಜಿನಲ್ಲಿ, ಒಂದೇ ಹುದ್ದೆಯಲ್ಲಿ, 38 ವರ್ಷ.

ಆಕೆಯ ಮೊದಲ ವರ್ಷದ ಕೆಲಸದ ಪಟ್ಟಿಯನ್ನು ನಮ್ಮ ಯಾವುದೇ ಡಿಗ್ರಿ ಕಾಲೇಜಿನ ಪಿ.ಡಿ. ಸರ್ ಮುಂದಿಟ್ಟರೆ ಅವರಿಗೇನೂ ಆಶ್ಚರ್ಯವಾಗದು. ಹಾವೇರಿ ಜಿಲ್ಲೆಯ ಶಿಗ್ಗಾವಿ, ಹಾನಗಲ್, ಸವಣೂರು, ಹಿರೇಕೆರೂರಿನಂಥ ತಾಲ್ಲೂಕು ಊರುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೆಂದರೆ ಎಲ್ಲ ಕೆಲಸಕ್ಕೂ ಒದಗುವವರು. ಪ್ರವೇಶಾತಿ ಸಮಿತಿಯಲ್ಲಿ ಅವರು ಬೇಕು. ಆಗಸ್ಟ್ 15ರ ಪಥಸಂಚಲನಕ್ಕೆ ಅವರು ಬೇಕು. ವಾರ್ಷಿಕ ಸ್ನೇಹ ಸಮ್ಮೇಳನದ ಪೆಂಡಾಲಿಗೆ, ಕಾರಿಡಾರಿನ ಶಿಸ್ತಿಗೆ, ನ್ಯಾಕ್ ತಂಡ ಬರುವಾಗ ಫೈಲು ಜೋಡಿಸುವುದಕ್ಕೆ, ಪರೀಕ್ಷೆ ಬಂದರೆ ಮೇಲ್ವಿಚಾರಣೆಗೆ ಅವರೇ. ಇದರ ನಡುವೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್, ಕುಸ್ತಿ, ಬ್ಯಾಸ್ಕೆಟ್‌ಬಾಲ್ ಎಲ್ಲದಕ್ಕೂ ತಂಡ ಕಟ್ಟಿ ಅಂತರ ಕಾಲೇಜು ಟೂರ್ನಿಗೆ ಒಯ್ಯಬೇಕು. ಟೂರ್ನಿಗೆ ಎರಡು ದಿನ ಮೊದಲು ಸೆಲೆಕ್ಷನ್, ಆಮೇಲೆ ಬಸ್ ಚಾರ್ಜು ಮತ್ತು ಟಿ.ಎ.–ಡಿ.ಎ. ಲೆಕ್ಕ. ಆಟ ಕಲಿಸುವ ಹೊತ್ತು ಎಲ್ಲಿಂದ ಬರಬೇಕು?

ಪ್ಯಾಟ್ ಸಮಿಟ್‌ಗೂ ನಮ್ಮ ಪಿ.ಡಿ. ಸರ್‌ಗೂ ಇರುವ ವ್ಯತ್ಯಾಸ ಮೊದಲ ವರ್ಷದಲ್ಲಿ ಕಾಣುವುದಿಲ್ಲ, ಹತ್ತನೆಯ ವರ್ಷದಲ್ಲಿ ಕಾಣುತ್ತದೆ. ಆಕೆಯ ತಲೆಯ ಮೇಲಿನ ಇತರ ಕೆಲಸಗಳನ್ನು ಕಾಲೇಜು ಒಂದೊಂದಾಗಿ ಇಳಿಸುತ್ತ ಹೋಯಿತು. ಸಹಾಯಕ ಕೋಚ್‌ಗಳು ಬಂದರು, ವಿದ್ಯಾರ್ಥಿವೇತನಗಳು ಬಂದವು. ಇದರ ಹಿಂದೆ ಒಂದು ಕಾನೂನೂ ಇತ್ತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು–ಗಂಡೆಂದು ಭೇದ ಮಾಡಕೂಡದು ಎಂದು ಅಮೆರಿಕ 1972ರಲ್ಲಿ ವಿಧಿಸಿತು. ಕ್ರೀಡೆಯೂ ಅದರ ವ್ಯಾಪ್ತಿಗೆ ಬಂತು. ಇಷ್ಟೆಲ್ಲ ಇದ್ದೂ ಸಮಿಟ್‌ಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು 1987ರಲ್ಲಿ. ಹದಿಮೂರು ವರ್ಷ ಕಾಲೇಜು ಕಾಯಿತು.

ಈಕೆ ಬಂದದ್ದು ಹಾಲಿನ ಡೇರಿ, ತಂಬಾಕಿನ ಹೊಲ ಇದ್ದ ಒಕ್ಕಲುತನದ ಮನೆಯಿಂದ. ಅಣ್ಣಂದಿರ ಸಮಕ್ಕೆ ಹುಲ್ಲು ಹೊತ್ತು ಬೆಳೆದ ಹುಡುಗಿ. ಮನೆ ಹತ್ತಿರದ ಹೈಸ್ಕೂಲಿನಲ್ಲಿ ಹುಡುಗಿಯರ ತಂಡ ಇರಲಿಲ್ಲವೆಂದು ಅಪ್ಪ ಇಡೀ ಸಂಸಾರವನ್ನೇ ಪಕ್ಕದ ಊರಿಗೆ ಕಟ್ಟಿಕೊಂಡು ಹೋದರು, ಮಗಳು ಆಡಲೆಂದು. ಹಾವೇರಿ ಜಿಲ್ಲೆಯ ರೈತ ಮನೆತನಗಳಲ್ಲಿ ಮಗನ ಕುಸ್ತಿಗೆಂದು ಹಾಲು–ತುಪ್ಪ, ಬಾದಾಮಿ ಹೊಂದಿಸಿದ ಅಪ್ಪಂದಿರು ಬೇಕಾದಷ್ಟು. ಮಗಳ ಆಟಕ್ಕೆ ಅದೇ ಉಮೇದು ಬರಬೇಕಾದರೆ, ಆಡಿದರೆ ಆಕೆ ಎಲ್ಲಿಗೆ ಮುಟ್ಟುತ್ತಾಳೆ ಎಂಬುದನ್ನು ತೋರಿಸುವ ಒಬ್ಬರು ಅದೇ ಊರಿನಲ್ಲಿ ಕಾಯಂ ಇರಬೇಕು.

ಸಮಿಟ್ ತಂಡಕ್ಕೆ ಇನ್ನೊಂದು ನಿಯಮವಿತ್ತು. ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು, ಕಾರಣವಿಲ್ಲದೆ ಪಾಠ ತಪ್ಪಿಸುವಂತಿಲ್ಲ. ಆಕೆಯ ಕೈಕೆಳಗೆ ಪೂರ್ತಿ ಅವಧಿ ಆಡಿದವರೆಲ್ಲರೂ ಪದವಿ ಮುಗಿಸಿದರು. ಆಟಕ್ಕೆ ಹೋದ ಮಕ್ಕಳು ಓದಿನಿಂದ ಕೆಟ್ಟರು ಎಂಬ ಮಾತು ನಮ್ಮ ಸ್ಟಾಫ್ ರೂಮುಗಳಲ್ಲಿ ದಿನವೂ ಕೇಳುತ್ತದೆ. ಆ ಮಾತಿಗೆ ಉತ್ತರ ಕೊಡಬೇಕಾದವರೂ ಕೋಚೇ. ಹಾಜರಾತಿ ಪುಸ್ತಕ ನೋಡುವ ಅಧಿಕಾರ, ಹಾಜರಿ ಕಡಿಮೆಯಾದ ಹುಡುಗನನ್ನು ಬೆಂಚಿನಲ್ಲಿ ಕೂರಿಸುವ ಅಧಿಕಾರ ಅವರಿಗಿರಬೇಕು.

ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೊದಲು ನೆನಪಿಗೆ ಬರುವ ಹೆಸರು ಜಾನ್ ವುಡನ್. ಇಂಗ್ಲಿಷ್ ಮೇಷ್ಟ್ರು. ಹೈಸ್ಕೂಲುಗಳಲ್ಲಿ 11 ವರ್ಷ ಪಾಠ ಮಾಡುತ್ತ, ಆಟ ಕಲಿಸುತ್ತ, 1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬಂದರು. ಮೊದಲ ರಾಷ್ಟ್ರೀಯ ಪ್ರಶಸ್ತಿ 1964ರಲ್ಲಿ, ಅವರ 16ನೆಯ ಸೀಸನ್ನಿನಲ್ಲಿ, 53ನೆಯ ವಯಸ್ಸಿನಲ್ಲಿ. ಅಲ್ಲಿಂದ 1975ರಲ್ಲಿ ಬಿಡುವವರೆಗಿನ 12 ವರ್ಷದಲ್ಲಿ 10 ಪ್ರಶಸ್ತಿ. ನಡುವೆ ಸತತ 88 ಗೆಲುವು. ಪುರುಷರ ವಿಭಾಗದಲ್ಲಿ ಆ ಹತ್ತನ್ನು ಯಾರೂ ಇನ್ನೂ ಮುಟ್ಟಿಲ್ಲ.

ಆ ಹದಿನಾರು ವರ್ಷ ಅವರು ಅಭ್ಯಾಸ ಮಾಡಿಸಿದ್ದು ಗಾಳಿಯಾಡದ ಹಳೆಯ ಜಿಮ್ನಾಸಿಯಮ್ಮಿನಲ್ಲಿ. ಅದೇ ಜಾಗದಲ್ಲಿ ಕುಸ್ತಿಯವರು, ಜಿಮ್ನಾಸ್ಟಿಕ್ಸ್‌ನವರು ತಮ್ಮ ಅಭ್ಯಾಸ ನಡೆಸುತ್ತಿದ್ದರು. ಧೂಳು ಏಳುತ್ತಿತ್ತೆಂದು ವುಡನ್ ತಾವೇ ನೆಲ ಗುಡಿಸಿ ಒರೆಸುತ್ತಿದ್ದರು. ಬೆಳಗ್ಗೆ ಸಹಾಯಕರೊಂದಿಗೆ ಕೂತು ಆ ದಿನದ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಲೆಕ್ಕಹಾಕಿ ಚಿಕ್ಕ ಕಾರ್ಡಿನಲ್ಲಿ ಬರೆದಿಡುವುದು ರೂಢಿ. ಯಾವ ಕಸರತ್ತಿಗೆ ಎಷ್ಟು ನಿಮಿಷ, ಎಷ್ಟು ಚೆಂಡು, ಯಾರು ಎಲ್ಲಿ ನಿಲ್ಲಬೇಕು ಎಲ್ಲವೂ ಅದರಲ್ಲಿ. ವರ್ಷದ ಮೊದಲ ದಿನ ಹೊಸಬರಿಗೆ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಬೆರಳ ತುದಿಯಿಂದ ಹಿಮ್ಮಡಿಯವರೆಗೆ ಒಂದೂ ಸುಕ್ಕು ಇರಕೂಡದು, ಸುಕ್ಕಿದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಆಮೇಲೆ ಶೂ ಲೇಸು ಕಟ್ಟುವ ಪಾಠ. ದೇಶಕ್ಕೇ ಹೆಸರಾದ ಹುಡುಗರೂ ಬಗ್ಗಿ ಕಾಲುಚೀಲ ಸರಿಮಾಡಿಕೊಂಡರು.

1974–75ರ ಸೀಸನ್ನಿನಲ್ಲಿ ರೊನಾಲ್ಡ್ ಗ್ಯಾಲಿಮೋರ್, ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಅಭ್ಯಾಸಗಳಿಗೆ ಹೋಗಿ ಕೂತು, ವುಡನ್ ಬಾಯಿಂದ ಬಂದ ಒಂದೊಂದು ಮಾತನ್ನೂ ಗುರುತು ಹಾಕಿಕೊಂಡರು. ಒಟ್ಟು 2,326 ಬೋಧನೆಯ ಕ್ರಿಯೆಗಳು ದಾಖಲಾದವು. ಹೊಗಳಿಕೆ ಶೇ 6.9, ಬೈಗುಳ ಅಥವಾ ಅಸಮಾಧಾನ ಶೇ 6.6. ಮುಕ್ಕಾಲು ಪಾಲಿನಷ್ಟು ಮಾತು ಬರೀ ಕೆಲಸದ ಸೂಚನೆ: ಚೆಂಡು ಹೀಗೆ ಹಿಡಿ, ಕಾಲು ಇಲ್ಲಿ ಇಡು, ಈಗ ತಿರುಗು. ತಪ್ಪು ಕಂಡರೆ ಮೊದಲು ಸರಿಯಾದದ್ದನ್ನು ಮಾಡಿ ತೋರಿಸುವುದು, ಹುಡುಗ ಮಾಡಿದ ತಪ್ಪನ್ನು ಅನುಕರಿಸುವುದು, ಮತ್ತೆ ಸರಿಯಾದದ್ದು. ಎಲ್ಲ ಸೇರಿ ಕೆಲವೇ ಸೆಕೆಂಡು. ಸಿಟ್ಟಿನಲ್ಲಿ ಸೀಟಿ ಊದಿ ಮೈದಾನ ನಡುಗಿಸುವುದೇ ಕೋಚಿಂಗ್ ಎಂದು ನಂಬಿದವರು ಈ ಅಧ್ಯಯನವನ್ನು ಓದಬೇಕು. ನಮ್ಮ ಬಿ.ಪಿ.ಎಡ್. ತರಗತಿಗಳಲ್ಲಿ ಇದು ಕಡ್ಡಾಯ ಪಾಠವಾದರೂ ತಪ್ಪಿಲ್ಲ.

ಅಮೆರಿಕದ ಪದ್ಧತಿಯನ್ನು ಹಾಗೇ ಎತ್ತಿ ತರಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಅಲ್ಲಿ ಹಣ ಕೆಡಿಸಿದ್ದೂ ಉಂಟು. ವುಡನ್ ಬಿಟ್ಟು ಆರು ವರ್ಷಕ್ಕೆ, 1981ರಲ್ಲಿ, ಅದೇ ಯುಸಿಎಲ್‌ಎ ಮೇಲೆ ನಿಯಮ ಉಲ್ಲಂಘನೆಗಾಗಿ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ ದಂಡನೆ ವಿಧಿಸಿತು. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದ ಬಾಬ್ ನೈಟ್ 1985ರಲ್ಲಿ ಪಂದ್ಯದ ನಡುವೆ ಕುರ್ಚಿಯನ್ನೇ ಅಂಕಣಕ್ಕೆ ಎಸೆದರು. ಅವರ ನಡವಳಿಕೆಯ ದೂರುಗಳು ಬೆಳೆದು 2000ದಲ್ಲಿ ಕಾಲೇಜು ಅವರನ್ನು ಮನೆಗೆ ಕಳಿಸಿತು. ಗೆದ್ದವರನ್ನು ಪ್ರಶ್ನಿಸುವ ವ್ಯವಸ್ಥೆಯೂ ಬೇಕೇ ಬೇಕು. ನಾವು ಕಲಿಯಬೇಕಾದದ್ದು ಒಂದೇ ಸಂಗತಿ: ಒಬ್ಬ ಯೋಗ್ಯ ವ್ಯಕ್ತಿಯನ್ನು ಒಂದು ತಂಡದ ಮೇಲೆ ವರ್ಷಾನುಗಟ್ಟಲೆ ನಿಲ್ಲಿಸುವುದು.

ಭಾರತದಲ್ಲಿ ಹೀಗೆ ನಿಂತವರು ಇಲ್ಲವೆಂದಲ್ಲ. ಪಂಜಾಬಿನ ಲುಧಿಯಾನಾ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯಲ್ಲಿ ಡಾ. ಎಸ್. ಸುಬ್ರಮಣಿಯನ್ 2013ರಲ್ಲಿ ಕಣ್ಣುಮುಚ್ಚುವವರೆಗೂ ಹಳ್ಳಿಗಳಿಂದ ಬಂದ ಎತ್ತರದ ಹುಡುಗರನ್ನು ತಿದ್ದಿದರು. ಬಲ್ಲೋ ಕೆ ಎಂಬ ಪುಟ್ಟ ಹಳ್ಳಿಯ ರೈತನ ಮಗ ಸತ್ನಾಂ ಸಿಂಗ್ ಅವರ ಕೈಯಲ್ಲಿ ಬೆಳೆದು, 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ ಅವನು. ಅದಕ್ಕೂ ಒಂದು ವರ್ಷ ಮೊದಲು, 2014ರ ಜುಲೈನಲ್ಲಿ, ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಆತಿಥೇಯ ಚೀನಾವನ್ನೇ 65–58ರಿಂದ ಸೋಲಿಸಿತು. ಆ ತಂಡದ ಅಮೃತ್‌ಪಾಲ್ ಸಿಂಗ್, ಅಮ್‌ಜ್ಯೋತ್ ಸಿಂಗ್ ಕೂಡ ಲುಧಿಯಾನಾದಲ್ಲೇ ಪಳಗಿದವರು. ತಂಡದ ಮುಖ್ಯ ಕೋಚ್ ಸ್ಕಾಟ್ ಫ್ಲೆಮಿಂಗ್, ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ಬಹಳ ವರ್ಷ ಕೋಚ್ ಆಗಿದ್ದವರು.

ಆ ಗೆಲುವಿನ ನಂತರ ಆದದ್ದೇನು? ಮರುವರ್ಷ ಫ್ಲೆಮಿಂಗ್ ಹೊರಟರು. ಅವರಿಗಿಂತ ಮುಂಚೆ ಇನ್ನೊಬ್ಬ ಅಮೆರಿಕನ್ ಕೋಚ್ ಕೆನ್ನಿ ನ್ಯಾಟ್ ಬಂದು ಹೋಗಿದ್ದರು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಮಹಿಳೆಯರು ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಮಣಿಸಿದಾಗ ಬೆಂಚಿನಲ್ಲಿದ್ದವರು ಸರ್ಬಿಯಾದ ಜೋರನ್ ವಿಸಿಚ್. ಹೊರದೇಶದವರು ಬರುವುದರಲ್ಲಿ ತಪ್ಪೇನೂ ಇಲ್ಲ, ಅವರು ಕಲಿಸಿದ್ದು ಬಹಳ. ಆದರೆ ರಾಷ್ಟ್ರೀಯ ತಂಡಕ್ಕೆ ಪ್ರತಿ ಎರಡು–ಮೂರು ವರ್ಷಕ್ಕೊಮ್ಮೆ ಹೊರಗಿನಿಂದ ಕೋಚ್ ಹುಡುಕಬೇಕಾಗಿ ಬರುವುದು, ಕೆಳಗೆ ಕಾಲೇಜು ಮಟ್ಟದಲ್ಲಿ ಕೋಚ್‌ಗಳು ಬೆಳೆಯುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಅಮೆರಿಕದಲ್ಲಿ ದೊಡ್ಡ ತಂಡಗಳ ಎಷ್ಟೋ ಕೋಚ್‌ಗಳು ತಯಾರಾಗುವುದು ಕಾಲೇಜುಗಳಲ್ಲೇ.

ಈ ಆಟ ಹುಟ್ಟಿದ್ದೂ ಪಿ.ಟಿ. ಮೇಷ್ಟ್ರೊಬ್ಬರ ಕೈಯಲ್ಲಿ. 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಚಳಿಗಾಲಕ್ಕೆಂದು ಕಟ್ಟಿದ ಆಟವಿದು. ಅದನ್ನು ನಮ್ಮ ದೇಶಕ್ಕೆ ತಂದು ಹರಡಿದ್ದೂ ವೈಎಂಸಿಎ. 1920ರಲ್ಲಿ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಕಟ್ಟಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಿದ್ದ ಶಿಕ್ಷಕರು ದಕ್ಷಿಣದ ಶಾಲೆ–ಕಾಲೇಜುಗಳಿಗೆ ಚೆಂಡು ಒಯ್ದರು. ಕರ್ನಾಟಕದಲ್ಲಿ ಆಟದ ಬಲವೆಲ್ಲ ಬೆಂಗಳೂರಿನ ಕ್ಲಬ್ಬುಗಳಲ್ಲಿ ಕೂಡಿಕೊಂಡಿತು. ಉತ್ತರದಲ್ಲಿ ಧಾರವಾಡದ ರೋವರ್ಸ್ ಕ್ಲಬ್ಬಿನಂಥವರು ದೀಪ ಆರದಂತೆ ನೋಡಿಕೊಂಡರು. ಧಾರವಾಡದಾಚೆ, ಹುಬ್ಬಳ್ಳಿ ದಾಟಿ ಹೈವೇ ಹಿಡಿದು ಶಿಗ್ಗಾವಿ ತಾಲ್ಲೂಕಿನ ತಡಸದ ಕಡೆ ಬಂದರೆ ಆಟದ ಸುಳಿವು ತೆಳ್ಳಗಾಗುತ್ತದೆ. ಇಲ್ಲಿ ಕಬಡ್ಡಿ, ಕೊಕ್ಕೊ, ಕುಸ್ತಿಗೆ ಮಣೆ.

ಹಾಗೆಂದು ಬ್ಯಾಸ್ಕೆಟ್‌ಬಾಲ್ ಈ ನೆಲಕ್ಕೆ ಒಗ್ಗದ ಆಟವಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಕಾಂಕ್ರೀಟು ಅಂಕಣ, 3.05 ಮೀಟರ್ ಎತ್ತರದಲ್ಲಿ ಎರಡು ರಿಂಗು, ಐದೈದು ಜನ. ಸಿಂಥೆಟಿಕ್ ಟ್ರ್ಯಾಕಿನ ಖರ್ಚಿನ ಒಂದು ಮೂಲೆಗೂ ಇದು ಬರುವುದಿಲ್ಲ. ಕಬಡ್ಡಿಯಲ್ಲಿ ಎದುರಾಳಿಯ ಸೊಂಟ ನೋಡಿ ಆಕೆ ಯಾವ ಕಡೆ ಹೊರಳುತ್ತಾಳೆಂದು ಅಂದಾಜು ಮಾಡುವ ಹುಡುಗಿಗೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್ ಅರ್ಧ ಬಂದಂತೆಯೇ. ಉಳಿದರ್ಧ, ಅಂದರೆ ಶೂಟಿಂಗ್, ಪಾಸಿಂಗ್, 24 ಸೆಕೆಂಡಿನೊಳಗೆ ಐದು ಜನ ಒಂದೇ ಲೆಕ್ಕದಲ್ಲಿ ಓಡಾಡುವುದು, ಇದು ಮಾತ್ರ ಪ್ರತಿದಿನ ಒಬ್ಬರು ನಿಂತು ಹೇಳಿಕೊಡದೆ ಬರುವುದಿಲ್ಲ. ಕೋಚ್ ಇಲ್ಲದ ಅಂಕಣ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಮೊದಲು ಬಲೆ ಹರಿಯುತ್ತದೆ, ಆಮೇಲೆ ಬೋರ್ಡಿನ ಹಲಗೆ ಸೀಳುತ್ತದೆ, ಕೊನೆಗೆ ಬೈಕುಗಳು ಬಂದು ನಿಲ್ಲುತ್ತವೆ.

ನಿಯಮಗಳೂ ಕೋಚ್ ಪರವಾಗಿಲ್ಲ. ಯುಜಿಸಿ ಪ್ರಕಾರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಸಹಾಯಕ ಪ್ರಾಧ್ಯಾಪಕರ ಸಮಾನ ವೇತನದ್ದು. ಸ್ನಾತಕೋತ್ತರ ಪದವಿ ಬೇಕು, ನೆಟ್ ಅಥವಾ ಸ್ಲೆಟ್ ಬೇಕು. ದೈಹಿಕ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಓಡಬೇಕು ಅಥವಾ ನಡೆಯಬೇಕು. ಒಳ್ಳೆಯ ಸಂಬಳ, ಗೌರವದ ಹುದ್ದೆ. ಇದನ್ನು ಹೀಗೆ ಎತ್ತರಿಸಿದ್ದು ಸರಿ. ಆದರೆ ಬಡ್ತಿಯ ಮೌಲ್ಯಮಾಪನ ಕೇಳುವುದು ಎಷ್ಟು ಸ್ಪರ್ಧೆ ಏರ್ಪಡಿಸಿದಿರಿ, ಎಷ್ಟು ಆಟಗಳಲ್ಲಿ ಕಾಲೇಜು ಭಾಗವಹಿಸಿತು, ಎಷ್ಟು ಪ್ರಬಂಧ ಪ್ರಕಟಿಸಿದಿರಿ ಎಂದು. ಒಂದೇ ಆಟ ಹಿಡಿದು ಎಂಟು ವರ್ಷ ಒಂದು ತಂಡ ಕಟ್ಟಿದವರಿಗೆ ಅಲ್ಲಿ ಪ್ರತ್ಯೇಕ ಮನ್ನಣೆಯ ಸಾಲಿಲ್ಲ. ಸರ್ಕಾರಿ ಕಾಲೇಜಾದರೆ ವರ್ಗಾವಣೆಯ ಕತ್ತಿ ಬೇರೆ. ತಂಡ ಕುದುರಿತು ಎನ್ನುವಾಗ ಆದೇಶ ಬರುತ್ತದೆ. ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಿ ‘ಬ್ಲೂ’ ಆದ ಹುಡುಗ ಕೆಲವು ದಿನದ ಕ್ಯಾಂಪ್ ಮುಗಿಸಿ ದಕ್ಷಿಣ ವಲಯ ಆಡಿ ಬರುತ್ತಾನೆ, ಬ್ಲೇಜರ್ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾನೆ, ಅಲ್ಲಿಗೆ ಆಟ ಮುಗಿಯುತ್ತದೆ.

ಕರ್ನಾಟಕದಲ್ಲೇ ಬೇರೆ ದಾರಿ ಹಿಡಿದವರಿದ್ದಾರೆ. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ, ತರಬೇತಿ ಎಲ್ಲವನ್ನೂ ಒಂದೇ ಆವರಣದಲ್ಲಿ ಕೊಟ್ಟಿತು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಮೂಡುಬಿದಿರೆಯಲ್ಲೇ ನಡೆದು, ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಎತ್ತಿತು. ಓಟಗಾರರಿಗೆ ವರ್ಷವಿಡೀ ಅದೇ ಕೋಚ್ ಸಿಗುವ ಏರ್ಪಾಡು ಇದರ ಬೆನ್ನೆಲುಬು. 2022ರಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ಬೆಂಗಳೂರಿನಲ್ಲಿ ನಡೆಸಿಕೊಟ್ಟ ಜೈನ್ ವಿಶ್ವವಿದ್ಯಾಲಯ ಅದರ ಸಮಗ್ರ ಪ್ರಶಸ್ತಿಯನ್ನೂ ಗೆದ್ದಿತು. ಎರಡೂ ಖಾಸಗಿ ಉತ್ಸಾಹದ ಫಲ. ಹಿರೇಕೆರೂರಿನ ಹುಡುಗನಿಗೆ ಪ್ರತಿಭೆ ಇದ್ದರೆ ಅವನು ಘಟ್ಟ ಇಳಿಯಬೇಕು, ಇಲ್ಲವೇ ಬೆಂಗಳೂರಿನ ಬಸ್ ಹತ್ತಬೇಕು. ಹುಡುಗಿಯಾದರೆ ಬಹುಪಾಲು ಮನೆಯಲ್ಲೇ ಉಳಿಯುತ್ತಾಳೆ. ಬೆಂಗಳೂರಿನ ಸಂಜನಾ ರಮೇಶ್ ಇನ್ನೂ ದೂರ ಹೋದರು. ಎನ್‌ಬಿಎ ಅಕಾಡೆಮಿಯ ಮೂಲಕ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಕನ್ನಡ ನಾಡಿನ ಹುಡುಗಿಯೊಬ್ಬಳು ಆ ಮಟ್ಟದ ಕಾಲೇಜು ತಂಡಕ್ಕೆ ಸಾಟಿಯಾಗಬಲ್ಲಳು ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಕಬಡ್ಡಿ ಈ ವಿಷಯದಲ್ಲಿ ಮುಂದೆ ಹೋಗಿದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಕೋಚ್ ಎಂಬ ವೃತ್ತಿಗೆ ಬೆಲೆ ಬಂತು. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಹಳ್ಳಿಯ ಹುಡುಗರಿಗೆ ಈಗ ಆಟಗಾರರ ಜತೆ ಕೋಚ್‌ಗಳ ಹೆಸರೂ ಗೊತ್ತು. ಬ್ಯಾಸ್ಕೆಟ್‌ಬಾಲ್‌ಗೆ ಅಂಥ ಲೀಗಿನ ಹಣ ಇಲ್ಲದ ಕಾರಣ ಕೋಚ್‌ನ ಬದುಕಿಗೆ ಆಸರೆ ಕಾಲೇಜೇ ಆಗಬೇಕು.

ಹಾವೇರಿ ಜಿಲ್ಲೆಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂದಿದೆ. ಸಣ್ಣ ವಿಶ್ವವಿದ್ಯಾಲಯಕ್ಕೆ ಇರುವ ಅನುಕೂಲವೆಂದರೆ ಹೊಸದನ್ನು ಬೇಗ ಮಾಡಿ ನೋಡಬಹುದು. ಪ್ರತಿ ಕಾಲೇಜೂ ಎಲ್ಲ ಆಟಕ್ಕೂ ತಂಡ ಕಟ್ಟುವ ಶಾಸ್ತ್ರ ಬಿಟ್ಟು, ತಾಲ್ಲೂಕಿಗೊಂದು ಆಟ ಹಂಚಿಕೊಳ್ಳಲಿ. ಹಾನಗಲ್ ಕುಸ್ತಿ ಹಿಡಿಯಲಿ, ಸವಣೂರು ಕಬಡ್ಡಿ, ಹಿರೇಕೆರೂರು ವಾಲಿಬಾಲ್. ತಡಸ–ಶಿಗ್ಗಾವಿ ಭಾಗಕ್ಕೆ ಬ್ಯಾಸ್ಕೆಟ್‌ಬಾಲ್ ಬರಲಿ. ಹುಬ್ಬಳ್ಳಿ–ಧಾರವಾಡ ಹತ್ತಿರವಿರುವುದರಿಂದ ಎದುರಾಡಲು ತಂಡಗಳಿಗೆ ಬರವಿಲ್ಲ. ಆ ಆಟಕ್ಕೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲೋ ಅದರ ಬೆಂಗಳೂರು ಕೇಂದ್ರದಲ್ಲೋ ಡಿಪ್ಲೊಮಾ ಮುಗಿಸಿದ ಒಬ್ಬ ಕೋಚ್ ಇರಲಿ. ಪಿ.ಡಿ. ಹುದ್ದೆ ಬೇರೆ, ಈ ಹುದ್ದೆ ಬೇರೆ. ಹತ್ತು ವರ್ಷ ವರ್ಗಾವಣೆ ಇಲ್ಲ, ಪರೀಕ್ಷಾ ಡ್ಯೂಟಿ ಇಲ್ಲ, ಪೆಂಡಾಲಿನ ಉಸ್ತುವಾರಿ ಇಲ್ಲ. ಬೆಳಗ್ಗೆ ಹೈಸ್ಕೂಲು, ಪಿಯು ಮಕ್ಕಳು. ಮಧ್ಯಾಹ್ನದ ಮೇಲೆ ಡಿಗ್ರಿಯವರು. ಏಳನೆಯ ತರಗತಿಯಲ್ಲಿ ಚೆಂಡು ಮುಟ್ಟಿದ ಹುಡುಗಿ ಬಿ.ಎ. ಮುಗಿಸುವವರೆಗೆ ಅದೇ ಕೋಚ್ ಕೈಯಲ್ಲಿ ಬೆಳೆಯುತ್ತಾಳೆ.

ಮೂರು ವರ್ಷಕ್ಕೆ ಕಪ್ ಎಲ್ಲಿ ಎಂದು ಕೇಳುವವರು ಎದ್ದೇಳುತ್ತಾರೆ. ಮಾವಿನ ಸಸಿ ನೆಟ್ಟು ಮರುವರ್ಷ ಕಾಯಿ ಕೇಳುವವರು ಹಾನಗಲ್ ಸೀಮೆಯಲ್ಲಿ ಯಾರೂ ಇಲ್ಲ. ಆಟದ ವಿಷಯದಲ್ಲೂ ಆ ತಾಳ್ಮೆ ಇಟ್ಟುಕೊಳ್ಳಬೇಕು. ಲೆಕ್ಕ ಕೇಳಬಾರದೆಂದಲ್ಲ. ಮೊದಲ ಐದು ವರ್ಷ ಕೇಳಬೇಕಾದ ಲೆಕ್ಕಗಳೇ ಬೇರೆ: ಎಷ್ಟು ಮಕ್ಕಳು ವರ್ಷವಿಡೀ ಬಂದರು, ಎಷ್ಟು ಮಂದಿ ಪದವಿ ಮುಗಿಸಿದರು, ಬಿಟ್ಟುಹೋದವರು ಏಕೆ ಬಿಟ್ಟರು. ಮಕ್ಕಳನ್ನು ಹೊಡೆದರೆ, ಅವಮಾನಿಸಿದರೆ ಹೊರಗೆ ಕಳಿಸುವ ಸಮಿತಿಯೂ ಮೊದಲ ದಿನದಿಂದಲೇ ಇರಲಿ, ಅದರಲ್ಲಿ ಇಬ್ಬರಾದರೂ ಮಹಿಳೆಯರಿರಲಿ.

ಇನ್ನೊಂದು ಚಿಕ್ಕ ಅಡ್ಡಿ ಇದೆ, ಬಹಳ ಆಟಗಾರ್ತಿಯರನ್ನು ನುಂಗಿದ್ದು ಅದೇ. ಸಂಜೆಯ ಬಸ್ಸು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟಿನ ಚಿಂತೆ ತಪ್ಪಿದೆ. ಆದರೆ ಕಾಲೇಜು ನಾಲ್ಕೂವರೆಗೆ ಬಿಟ್ಟು, ಹಳ್ಳಿಯ ಕೊನೆಯ ಬಸ್ಸು ಐದೂವರೆಗೆ ಹೊರಟರೆ, ನಿಲ್ದಾಣಕ್ಕೆ ಹೋಗುವ ಹೊತ್ತು ಕಳೆದು ಅಭ್ಯಾಸಕ್ಕೆ ಉಳಿಯುವುದು ಮುಕ್ಕಾಲು ಗಂಟೆ. ಅದರಲ್ಲಿ ಕಾಲುಚೀಲ ಹಾಕಿ ಮೈ ಬಿಸಿ ಮಾಡಿಕೊಳ್ಳುವ ಹೊತ್ತಿಗೇ ಹುಡುಗಿಯರು ಬ್ಯಾಗು ಎತ್ತಿಕೊಂಡು ಓಡಬೇಕು. ಅಭ್ಯಾಸದ ದಿನಗಳಲ್ಲಿ ಏಳು ಗಂಟೆಗೆ ಶಿಗ್ಗಾವಿಯಿಂದ ತಡಸದ ಮಾರ್ಗವಾಗಿ ಒಂದು ಬಸ್ಸು ಬಿಡುವಂತೆ ಕಾಲೇಜಿನ ಪ್ರಾಚಾರ್ಯರು ವಾಯವ್ಯ ಸಾರಿಗೆಯ ಡಿಪೊ ಮ್ಯಾನೇಜರರಿಗೆ ಪತ್ರ ಬರೆಯಲಿ, ಶಾಸಕರು ಆ ಪತ್ರದ ಬೆನ್ನು ಹತ್ತಲಿ. ಕೋಚ್ ನೇಮಕದ ಆದೇಶಕ್ಕೆ ಕಾಯದೆ ಈ ವರ್ಷವೇ ಮಾಡಬಹುದಾದ ಕೆಲಸ ಅದು.